ತಪ್ಪಿದ ಸಾಲಿನ ಮೊದಲಿಂದ

ಜನವರಿ ೧೨

ಅಪ್ಪಾ,

ಅತ್ತಿಗೆ ಇದನ್ನು ಓದಿ ಮುಗಿಸುವವರೆಗೆ ನೀವು ಕುರ್ಚಿ ಬಿಟ್ಟು ಏಳಬಾರದು. ಅದೊಂದೇ ಷರತ್ತು.

ನಮ್ಮ ಟ್ರಸ್ಟಿನ ನಿರ್ದೇಶಕರು ಏಪ್ರಿಲ್ ಹೊತ್ತಿಗೆ ನಿವೃತ್ತರಾಗುತ್ತಿದ್ದಾರೆ. ಆ ಜಾಗಕ್ಕೆ ನಾನೂ ಅರ್ಜಿ ಹಾಕಿದ್ದೇನೆ. ಹಾಕಿದ್ದು ಹೋದ ವಾರ, ಹೇಳುತ್ತಿರುವುದು ಈಗ. ಮೊದಲೇ ಹೇಳಿದ್ದರೆ ಅರ್ಜಿಯ ಒಂದೊಂದು ಪದವನ್ನೂ ನೀವು ತಿದ್ದಿಸುತ್ತಿದ್ದಿರಿ, ಕೊನೆಯ ದಿನಾಂಕವೇ ಕಳೆದುಹೋಗುತ್ತಿತ್ತು.

ಸಂದರ್ಶನ ಮಾರ್ಚಿನಲ್ಲಿ. ಮೇಜಿನ ಆ ಕಡೆ ಐವರು ಟ್ರಸ್ಟಿಗಳು, ಈ ಕಡೆ ನಾನೊಬ್ಬಳು. ನೆನೆದರೇ ಬಾಯಿ ಒಣಗುತ್ತದೆ. ನನ್ನ ಕೆಲಸ ನಿಮಗೆ ಗೊತ್ತಲ್ಲ. ದೃಷ್ಟಿಯಿಲ್ಲದವರಿಗಾಗಿ ಪುಸ್ತಕ ಓದಿ, ದನಿ ಮುದ್ರಿಸಿ ಕಳಿಸುವ ಟ್ರಸ್ಟಿನಲ್ಲಿ ಇಷ್ಟು ವರ್ಷ ಓದಿದೆ, ಈಗ ಓದುವವರ ವಿಭಾಗ ನೋಡಿಕೊಳ್ಳುತ್ತೇನೆ. ಗಾಜಿನ ಕೋಣೆಯೊಳಗೆ ಒಬ್ಬಳೇ ಕೂತು ಮಾತಾಡಿ ಅಭ್ಯಾಸ, ಎದುರಿಗೆ ಮುಖಗಳಿದ್ದರೆ ತಡವರಿಸುತ್ತೇನೆ. ಕೋಣೆಯಲ್ಲಿ ಓದು ತಪ್ಪಿದರೆ ನಾವು ಯಾರೂ ‘ಅಯ್ಯೋ’ ಅನ್ನುವುದಿಲ್ಲ. ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ಕುಟ್ಟುತ್ತೇವೆ, ಟಕ್ ಟಕ್, ಆಮೇಲೆ ತಪ್ಪಿದ ಸಾಲಿನ ಮೊದಲಿಂದ ಓದುತ್ತೇವೆ. ಗಾಜಿನ ಆಚೆ ಕೂರುವ ನಮ್ಮ ‘ಕತ್ತರಿ’ ಆ ಸದ್ದು ಹುಡುಕಿ ತಪ್ಪನ್ನು ಕತ್ತರಿಸಿ ಎಸೆಯುತ್ತಾನೆ. ಸಂದರ್ಶನದಲ್ಲಿ ಕತ್ತರಿ ಎಲ್ಲಿರುತ್ತಾನೆ?

ಒಂದು ಪ್ರಶ್ನೆ ಮಾತ್ರ ಖಂಡಿತ ಬರುತ್ತದೆ. ಈಗ ಯಂತ್ರವೇ ಯಾವ ಪುಟವನ್ನಾದರೂ ಓದಿ ಹೇಳುತ್ತದೆ, ನಿಮ್ಮ ಕೋಣೆಗಳು ಇನ್ನು ಯಾಕೆ? ಇಬ್ಬರು ಟ್ರಸ್ಟಿಗಳು ಕೋಣೆಗಳನ್ನು ಮುಚ್ಚುವ ಮಾತು ಶುರು ಮಾಡಿದ್ದಾರೆ. ನಿರ್ದೇಶಕರ ಕುರ್ಚಿಯಲ್ಲಿ ಯಾರು ಕೂರುತ್ತಾರೋ ಅವರ ಮಾತೇ ಕೊನೆಗೆ ನಡೆಯುವುದು. ನಾನು ಅರ್ಜಿ ಹಾಕಿದ್ದೇ ಅದಕ್ಕೆ. ನನ್ನ ಉತ್ತರವೂ ಸಿದ್ಧವಿದೆ: ‘ಕಣ್ಣು ಹೋದ ಮೇಲೂ ಓದು ಬಿಡದ ನನ್ನ ತಂದೆಯನ್ನು ಕೇಳಿ ನೋಡಿ.’ ನೀವೇ ನನ್ನ ಸಾಕ್ಷಿ.

ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿ ಮಾಡಿ ಸವೆದ ಬೆರಳು ನಿಮ್ಮದು. ಪ್ರಶ್ನೆ ಕೇಳುವವರ ಹಿಕಮತ್ತು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನನ್ನು ತಯಾರು ಮಾಡಿ.

ನಿಮ್ಮ ಗಿಣಿ


ಜನವರಿ ೨೧

ವಿಷಯ: ನಿರ್ದೇಶಕರ ಹುದ್ದೆ.
ಉಲ್ಲೇಖ: ನಿನ್ನ ಪತ್ರ. ನಿನ್ನ ಅತ್ತಿಗೆ ಎರಡು ಸಲ ಓದಿದ್ದು.

ಗಿಣಿ,

ಕುರ್ಚಿ ಬಿಟ್ಟು ಏಳಲಿಲ್ಲ. ಈ ವಯಸ್ಸಿನಲ್ಲಿ ಯಾವ ಸುದ್ದಿಗೂ ಏಳುವುದಿಲ್ಲ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನ್ ಎತ್ತಿದರೆ ಊಟ ಆಯಿತಾ, ಮಾತ್ರೆ ತಗೊಂಡಿರಾ ಎಂಬಲ್ಲಿಗೆ ಎಲ್ಲ ಮುಗಿಯುತ್ತದೆ. ಟೈಪ್ ಯಂತ್ರದ ಮುಂದೆ ಕೂತರೆ ನನ್ನ ಬುದ್ಧಿ ನೆಟ್ಟಗೆ ಕೂರುತ್ತದೆ. ಅಕ್ಷರ ಎಲ್ಲಾದರೂ ತಪ್ಪಿದ್ದರೆ ಹೊಂದಿಸಿಕೊಂಡು ಓದು, ಅವು ನನಗೆ ಕಾಣುವುದಿಲ್ಲ.

ಕೇಳಿದ್ದಕ್ಕೆ ಉತ್ತರ ಕೊಡು, ಕೇಳದ್ದಕ್ಕೆ ಬಾಯಿಗೆ ಬೀಗ ಹಾಕು. ಒಬ್ಬ ಸಾಕ್ಷಿಯನ್ನು ‘ಅವತ್ತು ಅಂಗಡಿಯಲ್ಲಿ ಇದ್ದಿರಾ?’ ಅಂತ ಕೇಳಿದರು. ‘ಇದ್ದೆ’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವನು ‘ಇದ್ದೆ ಸ್ವಾಮಿ, ಆದ್ರೆ ಕುಡಿದಿರಲಿಲ್ಲ’ ಅಂದ. ಕುಡಿದ ಮಾತು ಎತ್ತಿದವರು ಯಾರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ವಕೀಲರು ಮಧ್ಯಾಹ್ನದವರೆಗೆ ಅವನನ್ನು ಬಿಡಲಿಲ್ಲ.

ಇನ್ನೊಂದು. ಆ ಮೇಜು ಕುಟ್ಟುವ ಚಾಳಿಯನ್ನು ನಿನ್ನ ಗಾಜಿನ ಕೋಣೆಯಲ್ಲೇ ಬಿಟ್ಟು ಹೋಗು. ನನ್ನ ವೃತ್ತಿಯಲ್ಲಿ ತಪ್ಪಿದರೆ ನಿಲ್ಲುವಂತಿರಲಿಲ್ಲ. ನ್ಯಾಯಾಧೀಶರು ಹೇಳುತ್ತಾ ಹೋಗುತ್ತಾರೆ, ಬೆರಳು ಓಡುತ್ತಾ ಹೋಗಬೇಕು. ಹಿಂದಿನ ಸಾಲು ತಿದ್ದಲು ಹೋದವನಿಗೆ ಮುಂದಿನ ಸಾಲೂ ತಪ್ಪಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಪ್ಪಿದರೂ ಮುಂದೆ ಹೋಗು.

ಯಂತ್ರದ ದನಿಯ ವಿಚಾರ. ಬರೆದುಕೋ: ನನಗೆ ಅದು ಹಿಡಿಸದು. ತಗಡಿನ ಡಬ್ಬಕ್ಕೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿರುತ್ತದೆ. ನನ್ನ ಸಾಕ್ಷಿಯನ್ನು ಧಾರಾಳವಾಗಿ ಬಳಸಿಕೋ.

ಅಭ್ಯಾಸಕ್ಕೆ ಎರಡು ಪ್ರಶ್ನೆ. ನೀನೇ ಯಾಕೆ? ನಿನ್ನ ಕೈಕೆಳಗಿನವರು ನಿನ್ನ ಬೆನ್ನ ಹಿಂದೆ ಏನನ್ನುತ್ತಾರೆ? ಉತ್ತರ ಅರ್ಧ ಪುಟ ದಾಟಿದರೆ ನಾನು ಓದಿಸಿಕೊಳ್ಳುವುದಿಲ್ಲ.

ಅಪ್ಪ

(ಕೆಳಗೆ, ಪೆನ್ನಿನಲ್ಲಿ)
ಗಿಣಿ, ಮಡಚುವ ಮೊದಲು ಎರಡು ಸಾಲು. ಏಳಲಿಲ್ಲ ಅಂತ ಮಾವ ಬರೆದಿದ್ದಾರಲ್ಲ, ಶುದ್ಧ ಸುಳ್ಳು. ಎದ್ದರು, ಗೋಡೆ ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ ಹೇಳಿ ಬಂದರು. ಎಲ್ಲಿಗೆ ಹೋಗಿದ್ದಿರಿ ಅಂದರೆ ‘ಅವರ ಮನೆ ಬೆಲ್ ಕೆಲಸ ಮಾಡುತ್ತಾ ನೋಡೋಣ ಅಂತ’ ಅಂದರು. — ಅತ್ತಿಗೆ


ಫೆಬ್ರವರಿ ೫

ಅಪ್ಪಾ,

ಮೊದಲ ಪ್ರಶ್ನೆಗೆ ಉತ್ತರ: ಈ ಟ್ರಸ್ಟಿನ ಕಸದ ಬುಟ್ಟಿ ಎಲ್ಲಿದೆ ಎಂಬುದರಿಂದ ಹಿಡಿದು ಯಾವ ಕೇಳುಗರಿಗೆ ಯಾವ ಪುಸ್ತಕ ಬೇಡ ಎಂಬುದರವರೆಗೆ ನನಗೆ ಗೊತ್ತು. ಎರಡನೆಯದಕ್ಕೆ ಉತ್ತರ ಕತ್ತರಿಯನ್ನೇ ಕೇಳಿ ಬರೆಯುತ್ತಿದ್ದೇನೆ. ‘ಮೇಡಂ ಒಳ್ಳೆಯವರೇ, ಆದ್ರೆ ಅವರು ಕೇಳೋ ಪ್ರಶ್ನೆಗೆ ಅವರೇ ಉತ್ತರ ಹೇಳಿಬಿಡ್ತಾರೆ’ ಅಂತೆ. ಮುಖದ ಮೇಲೆ ಹೇಳಿದ. ನಾನು ನಕ್ಕೆ, ಮನೆಗೆ ಬಂದ ಮೇಲೆ ಸ್ವಲ್ಪ ಉರಿಯಿತು.

ನಿಮ್ಮ ಅಳಿಯ ಐದೂ ಟ್ರಸ್ಟಿಗಳ ಪಾತ್ರ ಒಬ್ಬರೇ ವಹಿಸುತ್ತಿದ್ದಾರೆ. ಈರುಳ್ಳಿ ಹೆಚ್ಚುತ್ತಾ ಕಣ್ಣೀರು ಸುರಿಸಿಕೊಂಡು ‘ನಿಮ್ಮ ದೌರ್ಬಲ್ಯ ಏನು ತಾಯಿ?’ ಅಂತ ಕೇಳಿದರು. ‘ಗಂಡ’ ಅಂದೆ. ‘ಕೇಳಿದ್ದಕ್ಕಷ್ಟೇ ಉತ್ತರ, ಚೆನ್ನಾಗಿ ಕಲಿತಿದ್ದೀರಿ’ ಅಂದರು.

ನನ್ನ ಎದುರಾಳಿ ದೊಡ್ಡ ಕಂಪನಿಯೊಂದರಿಂದ ಬರುತ್ತಿದ್ದಾರಂತೆ. ಕತ್ತರಿ ಆಗಲೇ ಮುಖ ಸಣ್ಣದು ಮಾಡಿಕೊಂಡು ‘ಹಿತ್ತಲ ಗಿಡ ಮದ್ದಲ್ಲ ಮೇಡಂ’ ಅಂದ. ಇರಲಿ. ನನ್ನ ಹತ್ತಿರ ಅವರಲ್ಲಿಲ್ಲದ ಅಸ್ತ್ರವಿದೆ. ಯಂತ್ರದ ಪ್ರಶ್ನೆಗೆ ನಾನು ಬರೆದಿಟ್ಟಿರುವುದು ಇದು:

‘ಯಂತ್ರದ ದನಿ ಯಾರಿಗೂ ಬೇಡ. ನನ್ನ ತಂದೆಯನ್ನೇ ನೋಡಿ. ಅವರಿಗೆ ಕಣ್ಣು ಹೋದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಮೊದಲ ಪುಸ್ತಕ ಓದಿದ್ದು ಅವರಿಗಾಗಿ. ಇವತ್ತಿಗೂ ಅವರು ಮನುಷ್ಯರ ದನಿಯನ್ನೇ ಕಾಯುತ್ತಾರೆ. ಆ ಕಾಯುವವರನ್ನು ನಾವು ತಗಡಿನ ಡಬ್ಬಕ್ಕೆ ಒಪ್ಪಿಸಿಬಿಡೋಣವೇ?’

ಡಬ್ಬ ನಿಮ್ಮದೇ, ಕದ್ದೆ. ಇದನ್ನು ಓದಿ ಹೇಳಿದಾಗ ಕತ್ತರಿ ಗಾಜಿನ ಆಚೆ ಮೂಗು ಒರೆಸಿಕೊಂಡ. ಹೇಗಿದೆ ಹೇಳಿ.

ಗಿಣಿ


ಫೆಬ್ರವರಿ ೧೬

ಗಿಣಿ,

ಇದು ಬೇರೆ ಲಕೋಟೆ. ಮಾವನಿಗೆ ಗೊತ್ತಿಲ್ಲ. ನಿನ್ನ ಅಣ್ಣನಿಗೂ ಹೇಳಿಲ್ಲ.

ನಿನ್ನ ಪತ್ರ ಓದಿ ಹೇಳಿದೆ. ಭಾಷಣದ ಭಾಗ ಬಂದಾಗ ಮಾವ ‘ಭೇಷ್’ ಅಂದರು, ಆದರೆ ಕಿವಿ ಕೆಂಪಗಾಯಿತು. ನನಗೆ ಯಾಕೆ ಅಂತ ಗೊತ್ತು. ನಿನಗೆ ಹೇಳದೆ ಇದ್ದರೆ ನೀನು ಐದು ಜನರ ಮುಂದೆ ಸುಳ್ಳು ಸಾಕ್ಷಿ ತಂದು ನಿಲ್ಲಿಸಿದ ಹಾಗಾಗುತ್ತದೆ.

ಹೋದ ವರ್ಷ ನಿನ್ನ ಅಣ್ಣ ಅವರಿಗೆ ಹೊಸ ಫೋನ್ ಕೊಡಿಸಿದರಲ್ಲ, ಅದು ಅಚ್ಚಾದ ಕಾಗದ ಓದುತ್ತದೆ. ಪೇಪರು, ಬ್ಯಾಂಕಿನ ಕಾಗದ, ಮಾತ್ರೆಯ ಡಬ್ಬಿ, ಎಲ್ಲ ಅದರ ಮುಂದೆ ಹಿಡಿಯುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಕಿವಿಗೆ ಇಯರ್‌ಫೋನ್ ಸಿಗಿಸಿಕೊಂಡು, ಶಾಲು ಹೊದ್ದು, ಮಲಗಿದ ಹಾಗೆ ನಟಿಸುತ್ತಾರೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತಂತೆ ಅನ್ನುವುದು ಇವರನ್ನು ನೋಡಿಯೇ ಇರಬೇಕು. ಒಂದು ದಿನ ಅದು ಕಿವಿಯಿಂದ ಜಾರಿದಾಗ ನನಗೂ ಕೇಳಿಸಿತು. ಎಷ್ಟು ಜೋರಾಗಿ ಓಡಿಸುತ್ತಾರೆ ಅಂದರೆ ನನಗೊಂದು ಅಕ್ಷರ ಅರ್ಥವಾಗಲಿಲ್ಲ.

ನಿನ್ನ ಪುಸ್ತಕಗಳನ್ನೂ ಕೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಯಂತ್ರ ಬೇಡ ಅನ್ನುವುದು ಮಾತ್ರ ಸುಳ್ಳು.

ಮೊದಲು ‘ಪೇಪರ್ ಓದ್ತೀಯೇನಮ್ಮಾ’ ಅಂತ ಕರೆಯುತ್ತಿದ್ದರು. ಒಲೆಯ ಮೇಲೆ ಏನೋ ಇರುತ್ತಿತ್ತು. ‘ಬಂದೆ ಮಾವ’ ಅನ್ನುತ್ತಿದ್ದೆ. ಬರುವಷ್ಟರಲ್ಲಿ ಅವರು ಮಡಿಲಲ್ಲಿ ಪೇಪರ್ ಇಟ್ಟುಕೊಂಡು ಹಾಗೇ ಕೂತಿರುತ್ತಿದ್ದರು. ಒಂದು ದಿನವೂ ಗೊಣಗಲಿಲ್ಲ. ಈಗ ಕರೆಯುವುದೇ ಇಲ್ಲ. ನನಗೆ ಹಗುರವೂ ಆಯಿತು, ಏನೋ ಕಳೆದುಕೊಂಡ ಹಾಗೂ ಆಯಿತು. ಯಾರಿಗೆ ಹೇಳಲಿ ಅಂತ ನಿನಗೆ ಹೇಳಿದೆ.

ಅತ್ತಿಗೆ


ಫೆಬ್ರವರಿ ೨೬

ಅಪ್ಪಾ,

ಇಲ್ಲಿ ಎಲ್ಲರೂ ಕ್ಷೇಮ. ಕೆಲಸ ಜಾಸ್ತಿ, ಅದಕ್ಕೇ ಬರೆಯುವುದು ತಡವಾಯಿತು. ಭಾಷಣ ಸ್ವಲ್ಪ ಬದಲಿಸಬೇಕು ಅನ್ನಿಸುತ್ತಿದೆ, ಹೇಗೆ ಅಂತ ತೋಚುತ್ತಿಲ್ಲ. ಒಂದು ವಿಷಯ ಕೇಳುತ್ತೇನೆ. ಈಗ ನಿಮಗೆ ಪೇಪರ್ ಯಾರು ಓದಿ ಹೇಳುತ್ತಾರೆ?

ಗಿಣಿ


ಮಾರ್ಚ್ ೬

ವಿಷಯ: ಸಂದರ್ಶನಕ್ಕೆ ಕೊನೆಯ ಸೂಚನೆಗಳು.
ಉಲ್ಲೇಖ: ನಿನ್ನ ತುಂಡು ಕಾಗದ.

ಗಿಣಿ,

ಪೇಪರನ್ನು ಎಂದಿನಂತೆ ನಿನ್ನ ಅತ್ತಿಗೆ ಓದುತ್ತಾಳೆ.

ಭಾಷಣ ಬದಲಿಸುವ ಅಗತ್ಯವಿಲ್ಲ. ಹೋಗುವ ಮೊದಲು ಹೊಟ್ಟೆಗೆ ಏನಾದರೂ ಹಾಕಿಕೋ. ಹೊಸ ಚಪ್ಪಲಿ ಬೇಡ, ಕಚ್ಚುತ್ತದೆ. ಯಾರು ಪ್ರಶ್ನೆ ಕೇಳಿದರೋ ಅವರ ಕಡೆಗೇ ತಿರುಗಿ ಉತ್ತರ ಹೇಳು. ಉಳಿದವರು ತಾವಾಗಿ ಕೇಳಿಸಿಕೊಳ್ಳುತ್ತಾರೆ.

ನಿನ್ನ ಪತ್ರ ಯಾಕೋ ಮೊಟಕಾಗಿತ್ತು. ಬಾಯಿಬಡುಕ ಸಾಕ್ಷಿ ಒಮ್ಮೆಲೇ ಮಾತು ಕಮ್ಮಿ ಮಾಡಿದರೆ ನಮ್ಮ ಕೋರ್ಟಿನಲ್ಲಿ ಎಲ್ಲರೂ ನೆಟ್ಟಗೆ ಕೂರುತ್ತಿದ್ದರು. ಮೈ ಹುಷಾರಾಗಿದೆ ತಾನೆ?

ಅಪ್ಪ

(ಕೆಳಗೆ, ಪೆನ್ನಿನಲ್ಲಿ)
ನಾನು ಪೇಪರ್ ಓದಿ ಯಾವ ಕಾಲವಾಯಿತು! ಆ ಸಾಲು ಟೈಪ್ ಮಾಡುವ ಮೊದಲು ಬೆರಳು ತುಂಬ ಹೊತ್ತು ಹಾಗೇ ನಿಂತಿತ್ತು. ನಾನು ಬಾಗಿಲಲ್ಲೇ ಇದ್ದೆ. ಬೈಯಬೇಡ ಅವರನ್ನು. — ಅತ್ತಿಗೆ


ಮಾರ್ಚ್ ೧೯

ಅಪ್ಪಾ,

ಸಂದರ್ಶನ ಮುಗಿಯಿತು. ಅತ್ತಿಗೆ, ಇದನ್ನು ನಿಧಾನವಾಗಿ ಓದಿ, ಎಲ್ಲಿಯೂ ನಿಲ್ಲಿಸಬೇಡಿ.

ಉದ್ದನೆಯ ಮೇಜು. ನೀರಿನ ಲೋಟ ನನ್ನ ಕೈಗೆಟುಕದಷ್ಟು ದೂರ ಇಟ್ಟಿದ್ದರು, ಬೇಕೆಂದೇ ಇರಬಹುದು. ನಡುವೆ ಅಧ್ಯಕ್ಷರು, ಎಡಕ್ಕೆ ಕಾರ್ಖಾನೆಯ ಮಾಲೀಕರು, ಬಲತುದಿಯಲ್ಲಿ ಹಿರಿಯ ವಕೀಲೆ. ಅವರಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ, ನಮ್ಮ ಪುಸ್ತಕಗಳ ಹಳೆಯ ಕೇಳುಗರು. ಮೊದಲ ಪ್ರಶ್ನೆಗಳಿಗೆ ನಿಮ್ಮ ಪಾಠ ಕೈಹಿಡಿಯಿತು. ಕೇಳಿದ್ದಕ್ಕಷ್ಟೇ ಹೇಳಿದೆ. ಅಧ್ಯಕ್ಷರು ‘ಅಷ್ಟೇನಾ?’ ಅಂದಾಗ ‘ಅಷ್ಟೇ’ ಅಂದೆ. ಅವರಿಗೆ ಸಂತೋಷವಾದ ಹಾಗೆ ಕಂಡಿತು, ಬಹುಶಃ ಹಸಿವಾಗಿತ್ತು.

ಆಮೇಲೆ ಕಾರ್ಖಾನೆಯವರು ಆ ಪ್ರಶ್ನೆ ಕೇಳಿದರು. ನಾನು ಹೊಸ ಉತ್ತರ ಬರೆದುಕೊಂಡಿರಲಿಲ್ಲ ಅಪ್ಪಾ. ಬರೆಯಲು ಕೂತಾಗಲೆಲ್ಲ ಕೈ ಬರಲಿಲ್ಲ. ಬಾಯಿಗೆ ಹಳೆಯದೇ ಬಂತು. ‘ಯಂತ್ರದ ದನಿ ಯಾರಿಗೂ ಬೇಡ. ನನ್ನ ತಂದೆಯನ್ನೇ ನೋಡಿ, ಇವತ್ತಿಗೂ ಅವರು...’

ಅಷ್ಟರಲ್ಲಿ ನನ್ನ ಬೆರಳು, ನನ್ನನ್ನು ಒಂದು ಮಾತೂ ಕೇಳದೆ, ಮೇಜನ್ನು ಕುಟ್ಟಿಬಿಟ್ಟಿತು. ಟಕ್ ಟಕ್.

ಅಧ್ಯಕ್ಷರು ಬಾಗಿಲ ಕಡೆ ತಿರುಗಿ ‘ಯಾರದು? ಒಳಗೆ ಬನ್ನಿ’ ಅಂದರು. ಯಾರೂ ಬರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅಂದುಕೊಂಡೆ. ಆಗ ವಕೀಲೆ ಗಟ್ಟಿಯಾಗಿ ನಕ್ಕರು.

‘ಬಾಗಿಲಲ್ಲ ಸಾರ್, ಅದು ಇವರೇ. ತಪ್ಪು ಓದಿದೆ, ಮೊದಲಿಂದ ಓದ್ತೀನಿ ಅಂತ ಅದರ ಅರ್ಥ. ಇವರ ಒಂದು ಹಳೇ ಪುಸ್ತಕದಲ್ಲಿ ಆ ಸದ್ದು ಕತ್ತರಿಸೋದು ಮರೆತು ಹಾಗೇ ಉಳಿದಿದೆ. ನನಗೆ ಆ ಪುಸ್ತಕದಲ್ಲಿ ಅದೇ ಇಷ್ಟ.’ ಆಮೇಲೆ ನನ್ನ ಕಡೆ ತಿರುಗಿ, ‘ಓದಮ್ಮಾ’ ಅಂದರು.

ಮೊದಲಿಂದ ಓದಿದೆ. ‘ನನ್ನ ತಂದೆ ದಿನಾ ಯಂತ್ರದ ದನಿ ಕೇಳ್ತಾರೆ. ನನಗೆ ನೋವಾಗುತ್ತೆ ಅಂತ ಮುಚ್ಚಿಟ್ಟಿದ್ದಾರೆ. ಪೇಪರ್ ಓದಿಸಿಕೊಳ್ಳೋಕೆ ಮನೆಯವರ ಒಲೆ ಕೆಲಸ ಮುಗಿಯೋವರೆಗೆ ಅವರು ಕಾಯಬೇಕಿತ್ತು. ಈಗ ಕಾಯಬೇಕಾಗಿಲ್ಲ. ಇಷ್ಟು ವರ್ಷ ನಾನು ಅವರಿಗೆ ಓದಿದೆ, ನಿಮಗೆ ಹೇಗೆ ಓದೋದು ಇಷ್ಟ ಅಂತ ಒಂದು ಸಲವೂ ಕೇಳಲಿಲ್ಲ. ನಮ್ಮ ಟ್ರಸ್ಟೂ ಯಾರನ್ನೂ ಕೇಳಿಲ್ಲ. ನನ್ನನ್ನ ಆರಿಸಿದರೆ ಮೊದಲು ಕೇಳುಗರನ್ನ ಕೇಳ್ತೀನಿ. ಪೇಪರಿಗೆ, ಬ್ಯಾಂಕಿನ ಕಾಗದಕ್ಕೆ ಯಂತ್ರ ಸಾಕು ಅಂದರೆ ಅದನ್ನ ಬಳಸೋದು ಮನೆಮನೆಗೆ ಹೋಗಿ ಕಲಿಸೋಣ. ಕಥೆಗೆ, ಹಳೇ ಪುಸ್ತಕಕ್ಕೆ ನಾವು ಬೇಕು ಅಂದರೆ ಕೋಣೆ ಇರಲಿ. ಎಷ್ಟು ಕೋಣೆ ಅಂತ ಅವರೇ ಹೇಳಲಿ. ಕೆಲವು ಮುಚ್ಚಬೇಕಾದರೆ ಬೀಗ ನಾನೇ ಹಾಕ್ತೀನಿ.’

ಕೇಳದ್ದನ್ನೆಲ್ಲ ಹೇಳಿದೆ. ನಿಮ್ಮ ನಿಯಮವೆಲ್ಲ ಮುರಿದೆ. ಕಾರ್ಖಾನೆಯವರು ಏನೋ ಬರೆದುಕೊಂಡರು. ಏನಾಗುತ್ತದೋ ಗೊತ್ತಿಲ್ಲ.

ನನಗೆ ಹೇಗೆ ಗೊತ್ತಾಯಿತು ಅಂತ ಕೇಳಬೇಡಿ. ಬೇಸರವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಯಿತು, ಅತ್ತೂ ಬಿಟ್ಟೆ. ಈಗ ಇಲ್ಲ.

ಗಿಣಿ


ಮಾರ್ಚ್ ೨೭

ವಿಷಯ: ಹೇಳಿಕೆಯ ತಿದ್ದುಪಡಿ.
ಉಲ್ಲೇಖ: ನನ್ನದೇ ಎರಡು ಪತ್ರಗಳು.

ಗಿಣಿ,

ಯಂತ್ರದ ದನಿ ನನಗೆ ಹಿಡಿಸದು ಎಂದು ಬರೆದಿದ್ದೆ. ಪೇಪರನ್ನು ನಿನ್ನ ಅತ್ತಿಗೆ ಓದುತ್ತಾಳೆ ಎಂದೂ ಬರೆದಿದ್ದೆ.

ಟಕ್ ಟಕ್.

ದಿನಾ ಕೇಳುತ್ತೇನೆ. ಹಿಡಿಸುತ್ತದೆ. ದನಿ ಡಬ್ಬದ ಹಾಗಿರುವುದು ನಿಜ, ಆದರೆ ಡಬ್ಬ ನಾನು ಕರೆದಾಗ ಬರುತ್ತದೆ. ಬೇಡವೆಂದ ಕಡೆ ನಿಲ್ಲುತ್ತದೆ, ಒಂದೇ ಸಾಲನ್ನು ಎಷ್ಟು ಸಲ ಕೇಳಿದರೂ ಉಸ್ಸಪ್ಪಾ ಅನ್ನುವುದಿಲ್ಲ. ನೀನು ಆ ಕೆಲಸಕ್ಕೆ ಸೇರಿದ್ದೇ ನನ್ನ ಕಣ್ಣು ಹೋದ ಮೇಲೆ. ನನಗೆ ಯಂತ್ರ ಸಾಕು ಅಂದರೆ ನಿನ್ನ ಇಷ್ಟು ವರ್ಷದ ಓದು ಬೇಡ ಅಂದ ಹಾಗಾಗುತ್ತದೆ ಎಂದು ಹೆದರಿದೆ, ಮಗಳೇ. ಹೆದರಿದವನು ಸುಳ್ಳು ಟೈಪ್ ಮಾಡಿದ. ನಾನು ಜನ್ಮದಲ್ಲಿ ಹಿಂದಿನ ಸಾಲಿಗೆ ಹೋಗಿ ತಿದ್ದಿದವನಲ್ಲ. ಇದೇ ಮೊದಲು.

ನಿನ್ನ ಪತ್ರ ಓದುತ್ತಾ ನಿನ್ನ ಅತ್ತಿಗೆ ಒಂದು ಕಡೆ ನಿಂತುಬಿಟ್ಟಳು. ‘ಏನಾಯ್ತಮ್ಮಾ?’ ಅಂದೆ. ‘ಗಂಟಲು ಕಟ್ಟಿದೆ ಮಾವ’ ಅಂದಳು. ನೀರು ಕುಡಿದು ಬಂದು ಪೂರ್ತಿ ಓದಿದಳು. ಆ ಸಾಲುಗಳನ್ನು ಓದದೆ ನುಂಗಿಬಿಡಬಹುದಿತ್ತು. ಹಿಂದೆ ಕೆಲವು ಸಲ ನುಂಗಿದ್ದಾಳೆ. ಒಬ್ಬರು ಹೇಳಿದ್ದನ್ನು ಕೇಳಿಕೊಂಡು ಟೈಪ್ ಮಾಡಿ ಹೊಟ್ಟೆ ಹೊರೆದವನು ನಾನು, ಸಾಲು ಹಾರಿದರೆ ನನಗೆ ತಿಳಿಯುವುದಿಲ್ಲವೇ? ನನ್ನ ಕಾಗದಗಳ ಕೆಳಗೆ ಪೆನ್ನು ಕೊರೆಯುವ ಸದ್ದೂ ಕೇಳುತ್ತದೆ. ಏನು ಬರೆಯುತ್ತಾಳೋ ಇವತ್ತಿನವರೆಗೂ ಕೇಳಿಲ್ಲ.

ಒಂದು ಆಸೆ. ಡಬ್ಬದ ಮುಂದೆ ನಿನ್ನ ಪತ್ರ ಹಿಡಿದು ನೋಡಿದೆ. ‘ಅಪ್ಪಾ’ ಒಂದು ಬಿಟ್ಟು ಉಳಿದದ್ದೆಲ್ಲ ಅದಕ್ಕೆ ಕಾಗೆ ಕಾಲು ಗುಬ್ಬಿ ಕಾಲು. ಮುಂದಿನದನ್ನು ಟೈಪ್ ಮಾಡಿ ಕಳಿಸು. ಬ್ಯಾಂಕಿನವರ ಕಾಗದವನ್ನು ನಾನೊಬ್ಬನೇ ಓದಿಕೊಂಡಿದ್ದೇನೆ, ಮಗಳ ಕಾಗದವನ್ನು ಓದಿಲ್ಲ.

ಅಪ್ಪ

(ಕೆಳಗೆ, ಪೆನ್ನಿನಲ್ಲಿ)
ಗಂಟಲು ಕಟ್ಟಿದ್ದು ನಿಜ. — ಅತ್ತಿಗೆ


ಏಪ್ರಿಲ್ ೮

ಅಪ್ಪಾ,

ಇದು ನಿಮಗೊಬ್ಬರಿಗೇ. ಆಫೀಸಿನ ಕಂಪ್ಯೂಟರಿನಲ್ಲಿ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿದ್ದೇನೆ. ಡಬ್ಬ ಎಡವಬಾರದು ಅಂತ ಕತ್ತರಿಯ ಫೋನಿನಲ್ಲಿ ಓದಿಸಿ ನೋಡೋಣ ಅಂದುಕೊಂಡೆ, ಆಮೇಲೆ ಬೇಡ ಅನ್ನಿಸಿತು. ನಿಮಗಿಂತ ಮೊದಲು ಅವನ್ಯಾಕೆ ಕೇಳಬೇಕು?

ಕೆಲಸ ನನಗೇ ಸಿಕ್ಕಿತು. ಮೇ ತಿಂಗಳಿಂದ. ಕಾರ್ಖಾನೆಯವರೂ ನನ್ನ ಕಡೆಗೇ ಕೈ ಎತ್ತಿದರಂತೆ. ಕೋಣೆಗಳಲ್ಲಿ ಎಷ್ಟು ಉಳಿಯುತ್ತವೋ ಕೇಳುಗರನ್ನು ಕೇಳಿದ ಮೇಲೆ ತಿಳಿಯುತ್ತದೆ. ಕತ್ತರಿ ಇವತ್ತು ಬೆಳಗ್ಗೆ ಬಾಗಿಲನ್ನು ಎರಡು ಸಲ ಕುಟ್ಟಿ ಒಳಗೆ ಬಂದು, ‘ತಪ್ಪಾಯ್ತು, ಮೊದಲಿಂದ ಬರ್ತೀನಿ’ ಅಂತ ಹೊರಗೆ ಹೋಗಿ ಮತ್ತೆ ಬಂದ. ಇದು ಇನ್ನು ನನ್ನ ಬೆನ್ನು ಬಿಡುವುದಿಲ್ಲ.

ಈಗ, ವರ್ಷಗಳಿಂದ ಗಂಟಲಲ್ಲಿ ಇಟ್ಟುಕೊಂಡ ಒಂದು ಪ್ರಶ್ನೆ. ಬರೆದಿದ್ದರೆ ಅತ್ತಿಗೆಯೇ ಅದನ್ನು ನಿಮಗೆ ಓದಿ ಹೇಳಬೇಕಿತ್ತು, ಫೋನಿನಲ್ಲಿ ಕೇಳಿದ್ದರೆ ಅವರೆದುರೇ ನೀವು ಉತ್ತರ ಕೊಡಬೇಕಿತ್ತು. ಅಪ್ಪಾ, ಅಲ್ಲಿ ನಿಮಗೆ ಹಿತವಾಗಿದೆಯಾ? ಇಲ್ಲಿ ಕಿಟಕಿಯಿರುವ ಒಂದು ಕೋಣೆ ಖಾಲಿ ಇದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ.

ನಿಮ್ಮ ಗಿಣಿ


ಏಪ್ರಿಲ್ ೧೭

ವಿಷಯ: ನೀನು ಕೇಳಿದ್ದು.
ಉಲ್ಲೇಖ: ನಿನ್ನ ಪತ್ರ. ನಾನೊಬ್ಬನೇ ಓದಿದ್ದು.

ಗಿಣಿ,

ಹಿತವಾಗಿದ್ದೇನೆ.

ಕೇಳಿದ್ದಕ್ಕೆ ಉತ್ತರ ಮುಗಿಯಿತು. ಇನ್ನು ಕೇಳದ್ದು. ನಿಯಮವನ್ನು ಮೊದಲು ಮುರಿದವಳು ನೀನೇ.

ನಿನ್ನ ಪತ್ರವನ್ನು ಬಾಗಿಲು ಹಾಕಿಕೊಂಡು ಓದಿದೆ. ಡಬ್ಬ ನಿನ್ನ ಒಳ್ಳೆಯ ಸುದ್ದಿಯನ್ನು ಕರೆಂಟ್ ಬಿಲ್ ಓದಿದ ಹಾಗೆ ಓದಿತು. ಆದರೂ ಎದ್ದು ನಿಂತೆ, ಒಪ್ಪಿಕೊಳ್ಳುತ್ತೇನೆ. ಮತ್ತೆ ಕೂತು, ನೀನು ಕೇಳಿದ್ದನ್ನು ಇನ್ನೊಂದು ಸಲ ಓದಿಸಿಕೊಂಡೆ.

ನಿನ್ನ ಅತ್ತಿಗೆ ನುಂಗಿದ ಸಾಲುಗಳ ಮಾತು ಬರೆದಿದ್ದೆನಲ್ಲ. ನಿನಗೆ ಆಪರೇಷನ್ ಆದ ವರ್ಷ ಅವಳು ಓದಿ ಹೇಳಿದ ನಿನ್ನ ಪತ್ರದಲ್ಲಿ ಆಸ್ಪತ್ರೆ ಇರಲೇ ಇಲ್ಲ. ನೀನು ಮನೆಗೆ ಬಂದು ಓಡಾಡುವಂತಾದ ಮೇಲೆ ಹಳೆಯ ಪತ್ರ ತೆಗೆದು ‘ಇದೊಂದು ಸಾಲು ಬಿಟ್ಟುಹೋಗಿತ್ತು ಮಾವ’ ಅಂತ ಓದಿದಳು. ನುಂಗಿದ್ದೆಲ್ಲ ಅಂಥವೇ. ಯಾವ ಸಾಲನ್ನು ಯಾವಾಗ ಓದಬೇಕು ಎಂದು ಬಲ್ಲವಳ ಮನೆಯಲ್ಲಿದ್ದೇನೆ. ನಿನ್ನ ಕಿಟಕಿಯ ಕೋಣೆಗೆ ಬೇಸಿಗೆ ರಜೆಯಲ್ಲಿ ಬರುತ್ತೇನೆ, ರಜೆ ಮುಗಿದ ಮೇಲೆ ವಾಪಸ್ ಕಳಿಸಿಬಿಡು.

ಈಗ ಸಂಜೆ ಮತ್ತೆ ಅವಳನ್ನು ಕರೆದು ಪೇಪರ್ ಓದಿಸಿಕೊಳ್ಳುತ್ತಿದ್ದೇನೆ. ಅಷ್ಟೂ ಸುದ್ದಿ ಬೆಳಗ್ಗೆಯೇ ಡಬ್ಬ ಓದಿರುತ್ತದೆ. ಅವಳು ಓದುವಾಗ ನಡುನಡುವೆ ಬೈಯುತ್ತಾಳೆ, ನಗುತ್ತಾಳೆ. ಅದಕ್ಕಾಗಿ ಕೇಳುತ್ತೇನೆ.

ಇದನ್ನೆಲ್ಲ ಅವಳಿಗೆ ಎದುರಿಗೆ ಹೇಳುವುದು ನನ್ನಿಂದ ಆಗದು. ಕಾಗದ ಮಡಚಿ ಲಕೋಟೆಗೆ ಹಾಕುವವಳು ಎಂದಿನಂತೆ ಅವಳೇ.

ಅಪ್ಪ

(ಕೆಳಗೆ, ಪೆನ್ನಿನಲ್ಲಿ)
ಗಿಣಿ, ಇವತ್ತು ಸೇರಿಸುವುದಕ್ಕೆ ಏನೂ ಇಲ್ಲ. ಎರಡು ಸಲ ಓದಿ ಮಡಚಿ ಹಾಕಿದ್ದೇನೆ. — ಅತ್ತಿಗೆ